ಗುಳ್ಳೆ ಹುಡುಕುವವಳು

ನನ್ನ ಹೆಂಡತಿಯ ತಂಗಿಯನ್ನು ನಮ್ಮ ಆಸ್ಪತ್ರೆಯಲ್ಲಿ ಎಲ್ಲರೂ ಕರೆಯುವುದು ಗುಳ್ಳೆ ಎಂದೇ. ಮಾವನ ಪಂಕ್ಚರ್ ಅಂಗಡಿಯಲ್ಲಿ, ಏಳು ವರ್ಷದವಳಿದ್ದಾಗಿನಿಂದ, ಟ್ಯೂಬನ್ನು ನೀರಲ್ಲಿ ಅದ್ದಿ ಎಲ್ಲಿ ಗುಳ್ಳೆ ಏಳುತ್ತದೆಂದು ನೋಡುತ್ತ ಬೆಳೆದವಳು. ಮಾವ ಎರಡು ಸಲ ನೋಡಿ ಬಿಟ್ಟ ಟ್ಯೂಬನ್ನು ಇವಳು ಮೂರನೇ ಸಲ ಮುಳುಗಿಸುತ್ತಿದ್ದಳಂತೆ. ಅಂಗಡಿ ಮುಚ್ಚಿದಾಗ, ಪಾಪ ಎಂದು, ಆಸ್ಪತ್ರೆಯ ಆಕ್ಸಿಜನ್ ಪೈಪುಗಳ ಕೆಲಸಕ್ಕೆ ಕರೆತಂದವನು ನಾನೇ. ಸ್ಪ್ಯಾನರ್ ಹಿಡಿಯುವುದನ್ನು ಕಲಿಸಿದವನೂ ನಾನೇ. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದ ಹಾಗಾಯಿತು.

ಸುಳ್ಳೇಕೆ ಹೇಳಲಿ, ಅವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಹದಿನೆಂಟು ವರ್ಷ ನಾನು ಆ ಗ್ಯಾಸ್ ಕೋಣೆಯಲ್ಲಿ ಸಿಲಿಂಡರ್ ಉರುಳಿಸಿದ್ದೇನೆ, ಅವಳು ಬಂದು ಬರೀ ನಾಲ್ಕು ವರ್ಷ. ಆದರೂ ನರ್ಸುಗಳು ಫೋನು ಮಾಡಿದರೆ "ಗುಳ್ಳೆ ಅಕ್ಕ ಇದಾರಾ?" ಎಂದೇ ಕೇಳುವುದು. ಫೋನು ಎತ್ತಿದ ನಾನೇನು ಗೋಡೆಯೇ?

ಗ್ಯಾಸ್ ಕೋಣೆಯ ಮುಖ್ಯಸ್ಥ ನಿವೃತ್ತನಾದ. ಐದು ದಿನದ ಸುರಕ್ಷತಾ ತರಬೇತಿಯಲ್ಲಿ ಯಾರು ಮುಂದೆ ಬರುತ್ತಾರೋ ಅವರಿಗೆ ಆ ಕುರ್ಚಿ ಎಂದು ಆಸ್ಪತ್ರೆಯವರು ಹೇಳಿದರು. ಹೋದವರು ನಾವಿಬ್ಬರೇ.

"ಸರಪಳಿ ಹಾಕಿ ನಿಲ್ಲಿಸದೆ ಸಿಲಿಂಡರಿನ ಕ್ಯಾಪ್ ತೆಗೀಬೇಡಿ," ಎಂದರು ತರಬೇತಿಯ ಮೇಷ್ಟ್ರು. "ಆಕ್ಸಿಜನ್ ಹತ್ರ ಎಣ್ಣೆ ಕೈ ತರಬೇಡಿ, ಹೊತ್ಕೊಳ್ಳುತ್ತೆ. ಲೈನಲ್ಲಿ ಗ್ಯಾಸ್ ಇರೋವಾಗ ಜಾಯಿಂಟ್‌ಗೆ ಸ್ಪ್ಯಾನರ್ ಹಾಕಬೇಡಿ. ವಾಲ್ವ್ ಮುಚ್ಚಿ, ಒಳಗಿರೋದನ್ನ ಹೊರಗೆ ಬಿಟ್ಟು, ಆಮೇಲೆ ಬಿಗಿ ಮಾಡಿ."

ಅವಳು ಒಂದೊಂದು ಮಾತನ್ನೂ ಬರೆದುಕೊಂಡಳು. ನಾನು ಆಕಳಿಸಿದೆ. ಅಜ್ಜಿಗೆ ಮೊಮ್ಮಗಳು ಕೆಮ್ಮು ಕಲಿಸಿದಳಂತೆ!

ಕೊನೆಯ ದಿನ ಪರೀಕ್ಷೆ. ಇಬ್ಬರೂ ಒಂದೊಂದು ಲೈನು ಜೋಡಿಸಬೇಕು, ಆಮೇಲೆ ಒಬ್ಬರದನ್ನು ಇನ್ನೊಬ್ಬರು ಸೋಪಿನ ನೀರು ಹಚ್ಚಿ ನೋಡಿ, ಕಂಡದ್ದನ್ನು ಹಾಳೆಯಲ್ಲಿ ಬರೆಯಬೇಕು. ಜನ್ಮದಲ್ಲಿ ನಾನು ಅಷ್ಟು ಶ್ರದ್ಧೆಯಿಂದ ಕೆಲಸ ಮಾಡಿದವನಲ್ಲ. ನೆಲದ ಮೇಲೆ ಮಲಗಿ, ಅವಳ ಜಾಯಿಂಟುಗಳ ಹಿಂಬದಿಗೆ ಕನ್ನಡಿ ಹಿಡಿದು, ಒಂದೇ ಒಂದು ಗುಳ್ಳೆ ಕೊಡಪ್ಪಾ ಎಂದು ಕಾದೆ. ಮುಕ್ಕಾಲು ಗಂಟೆಯಾದರೂ ಒಂದೂ ಏಳಲಿಲ್ಲ.

ಅಷ್ಟರಲ್ಲಿ ಅವಳು ನನ್ನ ಲೈನಿನ ಬಳಿಯಿಂದ ಮೆಲ್ಲಗೆ ಕರೆದಳು. "ಭಾವ, ಇಲ್ಲಿ ನೋಡಿ."

ಮೂಲೆಯ ಜಾಯಿಂಟಿನಲ್ಲಿ ಗುಳ್ಳೆ ಉಬ್ಬುತ್ತಿತ್ತು. ಮೇಷ್ಟ್ರು ಬರುವ ಮೊದಲೇ ಮುಗಿಸಿಬಿಡೋಣವೆಂದು ಸ್ಪ್ಯಾನರ್ ಹಾಕಿ ಎಳೆದೆ. ಹದಿನೆಂಟು ವರ್ಷದಿಂದ ಮಾಡಿಕೊಂಡು ಬಂದದ್ದೂ ಹಾಗೆಯೇ.

"ಅಯ್ಯೋ, ಒಳಗೆ ಗ್ಯಾಸಿದೆ ಭಾವ!" ಎಂದು ಅವಳು ಓಡಿಹೋಗಿ ವಾಲ್ವ್ ಮುಚ್ಚಿದಳು. ಪುಣ್ಯಕ್ಕೆ ಏನೂ ಆಗಲಿಲ್ಲ. ಆದರೆ ಹಾಳೆಯಲ್ಲಿ ಗುಳ್ಳೆಯನ್ನೂ ಬರೆದಳು, ಸ್ಪ್ಯಾನರನ್ನೂ ಬರೆದಳು.

"ಬರೀಲೇಬೇಕಿತ್ತಾ?" ಎಂದೆ.

"ಆ ಪೈಪಿನ ಇನ್ನೊಂದು ತುದೀಲಿ ಯಾರೋ ಮಲಗಿರ್ತಾರಲ್ಲ ಭಾವ."

ಕುರ್ಚಿ ಅವಳ ಪಾಲಾಯಿತು. "ನಿಮ್ಮ ಕೈ ಕೆಳಗೆ ಕಲಿತೋಳೇ ಅಲ್ವೇನ್ರೀ? ಖುಷಿ ಪಡಿ," ಎಂದಳು ನನ್ನ ಹೆಂಡತಿ. ಖುಷಿಯಂತೆ! ಎರಡು ದಿನ ನನಗೆ ಊಟ ಸೇರಲಿಲ್ಲ.

ಮೂರು ವಾರದ ಮೇಲೆ, ಹೊಸ ವಾರ್ಡಿಗೆ ಅವಳು ತಾನೇ ಕೂತು ಲೈನು ಹಾಕಿದಳು. ರೋಗಿಗಳು ಬರುವ ಮೊದಲು ಅದನ್ನು ಬೇರೊಬ್ಬರು ಪರೀಕ್ಷಿಸಬೇಕು. ಹೊರಗಿನವರನ್ನು ಕರೆಸಬಹುದಿತ್ತು. ನನ್ನನ್ನು ಕರೆದಳು.

"ನಾನೇ ಯಾಕೆ?"

"ಬೇರೆಯವರು ಚೆನ್ನಾಗಿದೆ ಅಂತ ಬರೆದು ಹೋಗ್ತಾರೆ. ನೀವು ತಪ್ಪು ಸಿಗೋವರೆಗೂ ಬಿಡಲ್ಲ. ಅವತ್ತು ಕನ್ನಡಿ ಹಿಡ್ಕೊಂಡು ಮಲಗಿದ್ರಲ್ಲ, ನೋಡಿದೆ."

ನನ್ನ ಕಿವಿ ಬಿಸಿಯಾಯಿತು. ಬ್ರಷ್ ಎತ್ತಿ ಸೋಪಿನ ನೀರಿಗೆ ಅದ್ದಿದೆ. ಮೂವತ್ತು ಜಾಯಿಂಟು ನೋಡಿದರೂ ಏನೂ ಇಲ್ಲ. ಮೂವತ್ತೊಂದನೆಯದು ಕಿಟಕಿ ಪಕ್ಕದ ಮಂಚದ ಹಿಂದೆ ಇತ್ತು. ಅಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆ, ಒಡೆದು ಮತ್ತೆ ಎದ್ದಿತು. ನಾನು ಕುಣಿಯುವುದೊಂದು ಬಾಕಿ. ಕೈ ತಾನಾಗಿಯೇ ಸ್ಪ್ಯಾನರಿನ ಕಡೆ ಹೋಯಿತು. ಹಿಂದಕ್ಕೆ ಎಳೆದುಕೊಂಡೆ.

"ವಾಲ್ವ್ ಮುಚ್ಚು!" ಎಂದು ಕೂಗಿದೆ.

"ತಾಳಿ, ಮೊದಲು ನೋಡ್ತೀನಿ," ಎಂದು ಓಡಿಬಂದು ಮಂಡಿಯೂರಿದಳು. ಕಣ್ಣು ಕಿರಿದು ಮಾಡಿ ಗುಳ್ಳೆಯನ್ನು ನೋಡಿದಳು, ಆಮೇಲೆ ಎದ್ದುಹೋಗಿ ವಾಲ್ವ್ ಮುಚ್ಚಿದಳು. ನಾನು ರಿಜಿಸ್ಟರಿನಲ್ಲಿ ಅವಳ ತಪ್ಪನ್ನು ದಪ್ಪ ಅಕ್ಷರದಲ್ಲಿ ಬರೆದು, ಇನ್ನೇನು ಮುಖ ಬಾಡುತ್ತದೆಂದು ಕಾದೆ.

"ಸಿಕ್ತಲ್ಲ ಭಾವ! ಸದ್ಯ, ಸಿಕ್ತು!" ಎಂದು ನಗುತ್ತ ಅದರ ಕೆಳಗೆ ಸಹಿ ಹಾಕಿದಳು.

ತಪ್ಪು ಹಿಡಿದವನು ನಾನು, ಹೆಚ್ಚು ಖುಷಿಯಾದದ್ದು ಅವಳಿಗೆ. ಅದಕ್ಕೂ ನನ್ನ ಹೊಟ್ಟೆ ಉರಿಯಿತು.