ಪಟ್ಟಲಮ್ಮನ ಭಾನುವಾರ

ಗಗನಚುಕ್ಕಿ ಜಲಪಾತಕ್ಕೆ ಹೋಗುವ ದಾರಿಯಲ್ಲೇ ಮನೆ ಇದ್ದೂ, ಅದನ್ನು ನಿಂತು ನೋಡುವ ಪುರುಸೊತ್ತು ಪಟ್ಟಲಮ್ಮನಿಗೆ ಸಿಕ್ಕಿದ್ದು ಕಡಿಮೆ. ನೋಡಲು ಬರುವವರನ್ನು ಬೈಯುವುದರಲ್ಲೇ ಅವಳ ಭಾನುವಾರ ಮುಗಿದುಹೋಗುತ್ತಿತ್ತು. ಮಳೆಗಾಲದಲ್ಲಿ ಕಾವೇರಿ ತುಂಬಿದಳೆಂದರೆ ಮಳವಳ್ಳಿ ಕಡೆಯಿಂದ ಕಾರುಗಳ ಸಾಲು. ಬಂದವರು ಬಾಗಿಲಿಗೆ ಅಡ್ಡ ಗಾಡಿ ನಿಲ್ಲಿಸುವರು, ರಂಗೋಲಿ ತುಳಿಯುವರು, ಜಗುಲಿಯ ಮೇಲೆ ಕೂತು ಚಿತ್ರಾನ್ನ ತಿಂದು ತಟ್ಟೆಯನ್ನು ಅಲ್ಲೇ ಬಿಟ್ಟು ನಡೆಯುವರು. ಹೇಳಿ ಹೇಳಿ ಸಾಕಾಗಿ, ಒಂದು ದಿನ ಗಂಡ ಹೊನ್ನಯ್ಯನ ಬೆನ್ನುಬಿದ್ದು, ಹಿತ್ತಲಲ್ಲಿ ಬಿದ್ದಿದ್ದ ಒರಳುಕಲ್ಲನ್ನು ರಸ್ತೆಯ ಅಂಚಿಗೆ ಹಾಕಿಸಿದಳು. ಉಪಾಯ ಊರಿಗೇ ಹಿಡಿಸಿತು. ನೋಡನೋಡುತ್ತ ಎಲ್ಲರ ಬಾಗಿಲಲ್ಲೂ ಕಲ್ಲು. ಪಟ್ಟಲಮ್ಮ ಸೆರಗು ಸಿಕ್ಕಿಸಿಕೊಂಡು ಬೀದಿಯಲ್ಲಿ ಬೀಗಿದ್ದೇ ಬೀಗಿದ್ದು. ರಸ್ತೆ ಕಿರಿದಾದದ್ದು ಮಾತ್ರ ಯಾರ ತಲೆಗೂ ಹೋಗಲಿಲ್ಲ.

ಹೆರಿಗೆಗೆಂದು ತವರಿಗೆ ಬಂದಿದ್ದ ಮಗಳು ರೂಪಳಿಗೆ ನೋವು ಕಾಣಿಸಿಕೊಂಡದ್ದೂ ಅಂಥದೇ ಭಾನುವಾರ, ದಿನ ತುಂಬುವ ಮುಂಚೆಯೇ. ಆಂಬುಲೆನ್ಸು ಕಾರುಗಳ ನಡುವೆ ಎಲ್ಲೋ ಸಿಕ್ಕಿಕೊಂಡಿದೆಯೆಂದು ಫೋನಿನಲ್ಲಿ ತಿಳಿದಾಗ, ಪಕ್ಕದ ಬೀದಿಯ ಜಲಾಲ್ ತನ್ನ ಆಟೋ ತಂದ. ಮಳವಳ್ಳಿ ಆಸ್ಪತ್ರೆ ಮುಟ್ಟಬೇಕು. ನಾಲ್ಕು ಮನೆ ದಾಟುವಷ್ಟರಲ್ಲೇ ಆಟೋ ನಿಂತಿತು. ಮುಂದೆ ಕಾರು, ಹಿಂದೆ ಕಾರು. ಪಕ್ಕಕ್ಕೆ ಸರಿಯೋಣವೆಂದರೆ ಎರಡೂ ಕಡೆ ಕಲ್ಲು. ರೂಪ ಕೂಗುವುದನ್ನೂ ನಿಲ್ಲಿಸಿ ತುಟಿ ಕಚ್ಚಿದಳು. ಈ ಕಲ್ಲಿನ ಬುದ್ಧಿ ಊರಿಗೆ ಕಲಿಸಿದವಳು ತಾನೇ ಎಂಬುದು ಪಟ್ಟಲಮ್ಮನಿಗೆ ಆಗ ನೆನಪಾಯಿತು.

ಇಳಿದು ಒಂದು ಕಲ್ಲಿಗೆ ಕೈ ಹಾಕಿದಳು. ಅದು ಅಲುಗಲಿಲ್ಲ. ಎದುರಿನ ಕಾರಿನಲ್ಲಿದ್ದವರು ಆಟೋದೊಳಗೆ ಒಮ್ಮೆ ನೋಡಿದರು. ದಡದಡ ಇಳಿದು, ಒಳ್ಳೆಯ ಬಟ್ಟೆಯಲ್ಲೇ ಕೆಸರಿನಲ್ಲಿ ಮಂಡಿಯೂರಿ, ಕಲ್ಲುಗಳನ್ನು ಜಗುಲಿಗಳ ಬುಡಕ್ಕೆ ಉರುಳಿಸಿದರು. ಚೂಡಿದಾರದ ಹುಡುಗಿಯೊಬ್ಬಳು ಮುಂದೆ ಮುಂದೆ ಓಡುತ್ತ ಕಾರಿನ ಗಾಜು ಬಡಿದು ಒಂದೊಂದನ್ನೇ ಬದಿಗೆ ಸರಿಸಿದಳು. ಅವರ ಮಾತು ತಮಿಳೋ ತೆಲುಗೋ, ಪಟ್ಟಲಮ್ಮನಿಗೆ ತಿಳಿಯಲಿಲ್ಲ. ಅವಳು ಕೈ ಮುಗಿಯುವಷ್ಟರಲ್ಲಿ ಜಲಾಲ್ ಅವಳನ್ನು ಹತ್ತಿಸಿಕೊಂಡು ಆಟೋ ಬಿಟ್ಟಿದ್ದ.

ಆಸ್ಪತ್ರೆಗೆ ಹೋದದ್ದೇ ತಡ, ಹೆರಿಗೆಯಾಯಿತು. ಹೆಣ್ಣುಮಗು. ಇನ್ನಷ್ಟು ಹೊತ್ತಾಗಿದ್ದರೆ ಇಬ್ಬರೂ ಕೈಗೆ ಸಿಗುತ್ತಿರಲಿಲ್ಲವೆಂದು ನರ್ಸಮ್ಮ ಹೇಳಿದಾಗ ಪಟ್ಟಲಮ್ಮ ಗೋಡೆಗೊರಗಿ ಜೋರಾಗಿ ಅತ್ತಳು.

ಈಗ ಬಾಣಂತನ ಮುಗಿಯುತ್ತ ಬಂದಿದೆ. ರಂಗೋಲಿ ತುಳಿಯುವವರು ತುಳಿಯುತ್ತಲೇ ಇದ್ದಾರೆ, ಇವಳ ಬೈಗುಳವೂ ಪೂರ್ತಿ ನಿಂತಿಲ್ಲ. ಆದರೆ ಭಾನುವಾರ ಬಂತೆಂದರೆ ಮೊಮ್ಮಗಳನ್ನೆತ್ತಿಕೊಂಡು ಜಗುಲಿಯಂಚಿಗೆ ಬಂದು ನಿಲ್ಲುತ್ತಾಳೆ. ಹೋಗುವ ಒಂದೊಂದು ಕಾರಿನ ಕಡೆಗೂ ಮಗುವಿನ ಮುಖ ತಿರುಗಿಸುತ್ತಾಳೆ. ಹಸುಗೂಸನ್ನು ಹೊರಗಿನವರ ಕಣ್ಣಿಗೆ ಬೀಳಿಸಬಾರದು, ದೃಷ್ಟಿಯಾಗುತ್ತದೆ, ಒಳಗೆ ಬಾ ಎಂದು ಹೊನ್ನಯ್ಯ ಗದರುತ್ತಾನೆ.

"ಕೂಸು ಉಳೀತೋ ಇಲ್ವೋ ಗೊತ್ತಿಲ್ದಂಗೇ ಒಂಟೋದ್ರಲ್ಲ ಅವತ್ತು ಕಲ್ಲು ಸರ್ಸಿದೋರು," ಎನ್ನುತ್ತಾಳೆ ಪಟ್ಟಲಮ್ಮ. "ಬಂದ್ರೆ ನೋಡ್ಕಂಡ್ ಓಗ್ಲಿ ಬುಡು."