ತೊಲೆಯಡಿ ಹೋಗಬೇಕಿದ್ದ ಕಲ್ಲು

ಒದ್ದೆ ಕಲ್ಲಿಗೆ ಬಾರ್ ಸೋಪು ಉಜ್ಜಿದ ವಾಸನೆ ಬಂದರೆ ಸಾಕು, ನಾನು ಚಾಮರಾಜಪೇಟೆಯ ತವರುಮನೆಯ ಹಿತ್ತಿಲಲ್ಲಿ ನಿಂತಿರುತ್ತೇನೆ. ಅಲ್ಲೊಂದು ಒಗೆಯುವ ಕಲ್ಲಿತ್ತು, ಅರ್ಧ ಗೇಣು ದಪ್ಪ, ಅಮ್ಮನ ಕೈಯಲ್ಲಿ ಸವೆದು ನುಣ್ಣಗಾಗಿತ್ತು. ಭಾನುವಾರ ನನಗೂ ತಮ್ಮನಿಗೂ ಎಣ್ಣೆ ಹಚ್ಚಿ ಅದರ ಮೇಲೆ ಕೂರಿಸಿ ಸೀಗೆಪುಡಿ ತಿಕ್ಕುತ್ತಿದ್ದಳು. ಅಪ್ಪ ಗಾರೆ ಮೇಸ್ತ್ರಿ. ಮೂರನೇ ಕ್ಲಾಸಿಗೆ ನನ್ನ ಓದು ಮುಗಿಯಿತು. ಮಿಕ್ಕಿದ್ದು ಕಲಿತದ್ದು ಅವನ ಮರಳುಗುಡ್ಡೆಯ ಮೇಲೆ. ಒಂದು ದಿನ ಒದ್ದೆ ಮರಳಿನಲ್ಲಿ ನನ್ನನ್ನು ಹಿಮ್ಮಡಿಯೂರಿ ನಿಲ್ಲಿಸಿದ, ಹಿಮ್ಮಡಿ ಹೂತುಹೋಯಿತು. ಹಲಗೆ ಹಾಕಿ ಅದರ ಮೇಲೆ ನಿಲ್ಲಿಸಿದ, ಹೂಳಲಿಲ್ಲ. "ತೊಲೆನೂ ಹಿಂಗೇ ಕಣವ್ವಾ. ತುದಿನ ಬರೀ ಇಟ್ಟಿಗೆ ಮೇಲೆ ಇಟ್ರೆ ಚುಚ್ಚುತ್ತೆ. ಕೆಳಗೊಂದು ಅಗಲ ಕಲ್ಲು ಕೊಟ್ರೆ ಭಾರ ಹರಡ್ಕೊಂಡು ಕೂತ್ಕೊಳ್ಳುತ್ತೆ."

ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ, ತೊಂಬತ್ತರ ದಶಕದಲ್ಲಿ, ತಮ್ಮ ನಡುಮನೆಯ ಗೋಡೆ ಒಡೆಸಿ ಹಾಲ್ ದೊಡ್ಡದು ಮಾಡಿಸಲು ಹೊರಟ. ತಾರಸಿ ಹೊರಲು ಕಬ್ಬಿಣದ ತೊಲೆ ಬಂತು. ನಾನು ಅಮ್ಮನ ಕಲ್ಲು ಒಯ್ಯಲು ಕೈಗಾಡಿ ತಂದ ದಿನವೇ ತಮ್ಮ ಕರೆಸಿದ್ದ ಮೇಸ್ತ್ರಿ ಅದರ ಮೇಲೆ ಕೈಯಿಟ್ಟಿದ್ದ.

"ತೊಲೆ ಈ ತುದಿಗೆ ಇದನ್ನೇ ಹಾಕ್ಬಿಡ್ತೀನಮ್ಮ. ಬೇರೆ ಕಡಿಸಿ ತರೋಕೆ ಎರಡು ದಿನ ಆಗುತ್ತೆ."

"ಅಮ್ಮನ ಕಲ್ಲು ನಂದು. ಮನೆ ಪೂರ್ತಿ ಇವನಿಗೇ ಬಂತಲ್ಲ, ಕಲ್ಲೂ ಬೇಕಾ?" ಎಂದೆ.

ತಮ್ಮ ನಕ್ಕ. "ತಗೊಂಡ್ಹೋಗಕ್ಕ, ನೀನು ಸತ್ರೆ ತಲೆದಿಂಬಿಗೂ ಅದನ್ನೇ ಇಡಿಸ್ತೀನಿ. ಮೇಸ್ತ್ರಿ, ಇಟ್ಟಿಗೆ ಮೇಲೇ ಕೂರ್ಸಿ, ಇವತ್ತೇ ಮುಗೀಲಿ."

ಮೇಸ್ತ್ರಿ ನನ್ನ ಮುಖ ನೋಡಿದ. ಅಪ್ಪನ ಮರಳು ನನಗೆ ನೆನಪಿತ್ತು. ಮರೆತಿದ್ದೆ ಎಂದು ಸುಳ್ಳು ಹೇಳಲಾರೆ. ಬಾಯಿ ಬಿಡದೆ ಕಲ್ಲು ಹೇರಿಸಿಕೊಂಡು ಬಂದೆ.

ಮುಂದಿನ ಮಳೆಗಾಲಕ್ಕೆ ತೊಲೆಯ ಆ ತುದಿಯಲ್ಲಿ ಇಟ್ಟಿಗೆ ಪುಡಿಯಾಗಿ ಉದುರತೊಡಗಿತು. "ಹಳೇ ಗೋಡೆ ಅಲ್ವೇನಕ್ಕ" ಎಂದು ತಮ್ಮ ಅದರ ಮೇಲೊಂದು ಕ್ಯಾಲೆಂಡರ್ ತೂಗುಹಾಕಿದ. ಒಂದು ಮಧ್ಯಾಹ್ನ ಉಂಡು ಆ ಹಾಲ್‌ನಲ್ಲಿ ಮಲಗಿದ್ದವನ ಮೇಲೆ ತಾರಸಿ ಸಮೇತ ತೊಲೆ ಬಿತ್ತು. ನಾನು ಹೋದಾಗ ಗಾರೆಯ ಗುಡ್ಡೆಯಿಂದ ಅವನ ಎರಡು ಹಿಮ್ಮಡಿ ಮಾತ್ರ ಹೊರಗಿದ್ದವು.

ನಿಮ್ಮಲ್ಲೂ ತವರು ಕಳೆದುಕೊಂಡವರಿದ್ದೀರಿ. ಕಾಲ ಕಿತ್ತುಕೊಂಡಿತು ಎಂದು ನೀವು ಅತ್ತುಕೊಳ್ಳಬಹುದು. ನನಗೆ ಆ ಮಾತೂ ಇಲ್ಲ. ಕಲ್ಲು ಈಗಲೂ ನನ್ನ ಹಿತ್ತಿಲಲ್ಲಿದೆ, ಒಂದು ಬಿರುಕಿಲ್ಲ. ಒಂದು ಮನೆ ಹೊರಬೇಕಿದ್ದದ್ದು, ಇವತ್ತು ಬೆಳಿಗ್ಗೆ ನನ್ನದೊಂದು ಒದ್ದೆ ಸೀರೆ ಹೊತ್ತುಕೊಂಡು ಬಿದ್ದಿತ್ತು.