ನೀರು ಸೇದುವವರನ್ನು ಕೇಳಿದವರು

ಅವರ ಹಿಮ್ಮಡಿಯ ಬಿರುಕುಗಳಲ್ಲಿ ಸದಾ ಸುಣ್ಣ ಕೂತಿರುತ್ತಿತ್ತು. ಚರಂಡಿಗೆ ಸುಣ್ಣ ಹಾಕಿಸುವಾಗ ಆಳುಗಳ ಜೊತೆ ತಾವೂ ಇಳಿಯುತ್ತಿದ್ದರು. ಎಷ್ಟು ತೊಳೆದರೂ ಆ ಬಿಳುಪು ಹೋಗುತ್ತಿರಲಿಲ್ಲ. ನಂಜನಗೂಡಿಗೆ ನೈರ್ಮಲ್ಯದ ಇನ್ಸ್‌ಪೆಕ್ಟರಾಗಿ ಮೈಸೂರಿನಿಂದ ಬಂದವರು. ಊರವರು ಎದುರಿಗೆ ಕೈಮುಗಿದು, ಬೆನ್ನ ಹಿಂದೆ ‘ಕಕ್ಕಸು ಇನ್ಸ್‌ಪೆಕ್ಟರ್’ ಎನ್ನುತ್ತಿದ್ದರು. ನಾನು ಅವರ ಗುಮಾಸ್ತ. ನಾನೂ ಅಂದಿದ್ದೇನೆ, ಸುಳ್ಳೇಕೆ.

ಆ ಬೇಸಿಗೆ ಊರಿನಲ್ಲಿ ವಾಂತಿಭೇದಿ ಬಂದು ಹೋಗಿತ್ತು. ರೋಗ ಬಂದಾಗ ಓಡಾಡಿ, ಹೋದ ಮೇಲೆ ಮರೆತುಬಿಡುವುದು ಎಲ್ಲ ಊರುಗಳ ಪದ್ಧತಿ. ಇವರು ಮಾತ್ರ ರೋಗ ಹೋದ ಮೇಲೆ ಕೆಲಸ ಶುರು ಮಾಡಿದರು. ಹಾಳೆಗೆ ಹಾಳೆ ಗಂಜಿಯಲ್ಲಿ ಅಂಟಿಸಿ ಇಡೀ ಊರಿನ ನಕ್ಷೆ ಬರೆದರು. ಒಂದೊಂದು ಮನೆಗೂ ಒಂದು ಚೌಕ, ಸಾವಾದ ಮನೆಗೆ ಕೆಂಪು ಮಸಿಯ ಚುಕ್ಕಿ. ಆಮೇಲೆ ಮನೆಮನೆಗೆ ಹೋಗಿ, ನೀವು ಕುಡಿಯುವುದು ಯಾವ ನೀರು ಎಂದು ಕೇಳುವುದು. ಅವರು ಕೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಬಿಸಿಲಲ್ಲಿ ನಾನು ಗೊಣಗಿದರೆ, “ಸತ್ತವರ ಲೆಕ್ಕ ಸುಲಭ ಕಣ್ರೀ, ಅವರು ಸುಳ್ಳು ಹೇಳಲ್ಲ. ಬದುಕಿರೋರದ್ದೇ ಕಷ್ಟ” ಎನ್ನುತ್ತಿದ್ದರು.

ಜಗಲಿಯ ಮೇಲೆ ಕೂತ ಗಂಡಸರೆಲ್ಲ ಒಂದೇ ಉತ್ತರ ಕೊಟ್ಟರು: ಕಪಿಲೆಯ ನೀರು. ಹೊಳೆಯ ದಡದಲ್ಲಿ ಮನೆ ಕಟ್ಟಿಕೊಂಡು ಬಾವಿ ನೀರು ಕುಡಿಯುತ್ತೇವೆ ಎನ್ನಲು ಯಾವ ಯಜಮಾನನಿಗೂ ಮನಸ್ಸಿರಲಿಲ್ಲ. ನಮ್ಮ ಮನೆಯ ಸರದಿ ಬಂದಾಗ ನನ್ನಪ್ಪನೂ ಅದನ್ನೇ ಹೇಳಿದ. ಬಿಳಿಗೆರೆಯ ಹೊಲ ಬಿಟ್ಟು ಪೇಟೆ ಸೇರಿದ ಒಕ್ಕಲಿಗ. ಅವನಿಗೆ ಮರ್ಯಾದೆಯ ಚಿಂತೆ ಸ್ವಲ್ಪ ಹೆಚ್ಚೇ. ನಮ್ಮವ್ವ ಬೀದಿಯ ಕೊನೆಯ ಬಾವಿಯಲ್ಲಿ ಸೇದುವುದನ್ನು ನಾನು ದಿನಾ ಕಂಡವನು. ಆದರೂ ಅಪ್ಪನ ಎದುರಿಗೆ ತಲೆ ಬಗ್ಗಿಸಿ ‘ಹೊಳೆ’ ಎಂದು ಬರೆದೆ. ಒಂದು ಮನೆಯ ಉತ್ತರದಿಂದ ಏನಾದೀತು ಅನ್ನಿಸಿತ್ತು.

ನಕ್ಷೆ ಹೊಳೆಯ ಮೇಲೇ ತಪ್ಪು ಹೊರಿಸಿತು. ಮೇಲಿನವರಿಗೆ ವರದಿ ಹೋಯಿತು. ಇವರು ಹೊಳೆಗಿಳಿಯುವ ಸೋಪಾನದ ಬಳಿ ಬಟ್ಟೆ ಒಗೆಯುವುದನ್ನು ನಿಲ್ಲಿಸಿದರು, ಕಾವಲು ಹಾಕಿದರು, ಊರಿನಿಂದ ಬೈಸಿಕೊಂಡರು. ಬಾವಿಯ ತಂಟೆಗೆ ಯಾರೂ ಹೋಗಲಿಲ್ಲ.

ಮರು ಬೇಸಿಗೆಯಲ್ಲಿ ರೋಗ ಮತ್ತೆ ಬಂತು. ಹೆರಿಗೆಗೆಂದು ತವರಿಗೆ ಬಂದಿದ್ದ ನನ್ನ ತಂಗಿ, ನಲವತ್ತು ದಿನದ ಮಗಳನ್ನು ಬಿಟ್ಟು, ಒಂದೇ ಹಗಲಿನಲ್ಲಿ ಹೋಗಿಬಿಟ್ಟಳು. ಮೂರನೆಯ ದಿನ ಇನ್ಸ್‌ಪೆಕ್ಟರು ಮನೆಗೆ ಬಂದರು. ಹೊಳೆಯ ನೀರು ಕಾಯಿಸದೆ ಕೊಟ್ಟಿರೇನಮ್ಮ ಎಂದು ಅವ್ವನನ್ನು ಮೆಲ್ಲಗೆ ಕೇಳಿದರು. ಅವ್ವ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು.

“ಒಳೆ ನೀರು ದೇವ್ರ ಮುಂದಕ್ಕೆ ಒಂದು ಚೊಂಬು, ಅಷ್ಟೇಯ ಸ್ವಾಮಿ. ಕುಡಿಯಾಕೆ, ಬೇಯ್ಸಾಕೆ ಎಲ್ಲಾ ಆ ಬಾವೀದೇಯ. ನನ್ನ ಯಾರ್ ಕೇಳಿದ್ರು?”

ಅವರು ಒಮ್ಮೆ ನನ್ನ ಕಡೆ ನೋಡಿದರು. ಜಗಲಿಯ ಮೇಲೆ ಬಹಳ ಹೊತ್ತು ಕೂತಿದ್ದು ಎದ್ದು ಹೋದರು.

ಅದೇ ವಾರ ಮೈಸೂರಿನಿಂದ ತಮ್ಮ ವಿಧವೆ ಅಕ್ಕನನ್ನು ಕರೆಸಿಕೊಂಡರು. ಆಕೆ ಹಿತ್ತಲ ಬಾಗಿಲಿಂದ ಮನೆಮನೆಗೆ ಹೋಗಿ ಹೆಂಗಸರನ್ನು ಮಾತಾಡಿಸಿದರು. ನಾವಿಬ್ಬರು ಬೀದಿಯಲ್ಲಿ ನಿಂತು ಬರೆದುಕೊಂಡೆವು. ಹಳೆಯ ಉತ್ತರಗಳು ಸಾಲುಸಾಲಾಗಿ ಸುಳ್ಳಾದವು. ಕೆಂಪು ಚುಕ್ಕಿಗಳ ಪೈಕಿ ಹೆಚ್ಚಿನವು ಆ ಒಂದೇ ಬಾವಿಯ ಮನೆಗಳು. ಅದರ ಮೇಲುಗಡೆಯೇ ಯಾತ್ರಿಕರು ಬಯಲಿಗೆ ಕೂರುವ ಜಾಗ.

ಬಾವಿಗೆ ಚಪ್ಪಡಿ ಹಾಕಿಸುವ ಮೊದಲು ಅವರೊಂದು ಕೆಲಸ ಮಾಡಿದರು. ತುಂಬಿದ ಹಿತ್ತಾಳೆ ಬಿಂದಿಗೆಯನ್ನು ಹೆಗಲಿಗೇರಿಸಿ ಹೊಳೆಯಿಂದ ನಮ್ಮ ಬೀದಿಗೆ ನಡೆದು ಬಂದರು. ಊರೆಲ್ಲ ನಿಂತು ನಕ್ಕಿತು. ನಾಲ್ಕು ಕಡೆ ಇಳಿಸಿ, ಏದುಸಿರು ಬಿಡುತ್ತಾ ಬಂದು, “ಬಸುರಿ ಬಾಣಂತಿ ಇರೋ ಮನೇಲಿ ಇದನ್ನ ದಿನಕ್ಕೆ ಆರು ಸಲ ಯಾರ್ರೀ ಹೊರ್ತಾರೆ? ನಾನಾಗಿದ್ರೂ ಬಾವಿಗೇ ಹೋಗ್ತಿದ್ದೆ” ಎಂದರು. ಬದಲಿ ನೀರು ಕೊಡದೆ ಹಳೆಯದನ್ನು ಸುಮ್ಮನೆ ಮುಚ್ಚಲು ಒಪ್ಪಲಿಲ್ಲ; ಬೀದಿಯ ಮೇಲ್ಗಡೆ, ಆ ಬಯಲಿಗಿಂತಲೂ ಎತ್ತರದಲ್ಲಿ ಹೊಸ ಬಾವಿ ತೋಡಿಸಿ ನೀರು ಬರುವ ತನಕ ಮುನಿಸಿಪಾಲಿಟಿಯ ಗಾಡಿಯಲ್ಲಿ ಊರಿಗಿಂತ ಮೇಲೆ ಹರಿಯುವ ಹೊಳೆಯ ತಿಳಿನೀರು ತರಿಸಿದರು, ಕಾಯಿಸಿ ಕುಡಿಯಿರೆಂದು ಬಾಗಿಲು ಬಾಗಿಲಿಗೆ ಹೇಳಿದರು. ಆ ಬೀದಿಯಲ್ಲಿ ನಾನಿರುವ ತನಕ ಮತ್ತೆ ರೋಗ ಬರಲಿಲ್ಲ. ಯಾರೂ ಅವರಿಗೊಂದು ಹಾರ ಹಾಕಲಿಲ್ಲ. ಬಾರದ ರೋಗವನ್ನು ಯಾರು ನೆನೆಯುತ್ತಾರೆ?

ಅವರಿಗೆ ತಿ. ನರಸೀಪುರಕ್ಕೆ ವರ್ಗವಾಯಿತು. ಅಲ್ಲೂ ಅದೇ ನಕ್ಷೆ, ಅದೇ ಚರಂಡಿ, ಅದೇ ಬೈಗುಳ. ಕೆಲವು ವರ್ಷಗಳ ಮೇಲೆ, ಕಾಯಿಲೆ ಬಿದ್ದಿದ್ದಾರೆಂದು ಕೇಳಿ ನೋಡಲು ಹೋದೆ. ಚಾಪೆಗೆ ಅಂಟಿಕೊಂಡಿದ್ದರು. ಅಷ್ಟು ದಿನ ಗಂಟಲಲ್ಲೇ ಇದ್ದದ್ದನ್ನು ಹೇಳಿದೆ: ನನಗೆ ಗೊತ್ತಿತ್ತು ಸ್ವಾಮಿ, ಗೊತ್ತಿದ್ದೇ ಹೊಳೆ ಅಂತ ಬರೆದೆ, ತಂಗಿಯನ್ನು ನಾನೇ ಕೊಂದೆ.

ಅವರು ಕಣ್ಣು ಮುಚ್ಚಿಯೇ ಇದ್ದರು.

“ದಿನಾ ಬೆಳಿಗ್ಗೆ ಆ ಬಾವಿ ಹಗ್ಗ ಒದ್ದೆಯಾಗಿರ್ತಿತ್ತು ಕಣ್ರೀ. ನಾನು ಪಕ್ಕದಲ್ಲೇ ಹೋಗ್ತಿದ್ದೆ. ನೋಡಿಯೂ ಜಗಲಿ ಮೇಲಿನ ಮಾತು ನಂಬಿದೆ. ನೀವು ಬರೆದದ್ದು ಒಂದು ಸಾಲು. ನಾನು ರುಜು ಹಾಕಿದ್ದು ಇಡೀ ಊರಿಗೆ.”

ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ಹೇಳಿದ್ದರೆ ನಾನು ಮನೆಗೆ ಬಂದು ಮರೆತುಬಿಡುತ್ತಿದ್ದೆನೋ ಏನೋ. ನನ್ನ ತಪ್ಪಿನಲ್ಲಿ ದೊಡ್ಡ ಪಾಲು ತಾವು ಹೊತ್ತುಕೊಂಡು, ಹದಿನೈದು ದಿನದಲ್ಲಿ ತೀರಿಕೊಂಡರು.

ತಂಗಿಯ ಮಗಳು ನಮ್ಮ ಮನೆಯಲ್ಲೇ ಬೆಳೆದಳು. ಈಗ ಓದು ಬರಹ ಬಲ್ಲವಳು. ನನ್ನವ್ವ ಹೆಂಗೆ ಸತ್ತಳು ಮಾವ ಎಂದು ಎಷ್ಟೋ ಸಲ ಕೇಳಿದ್ದಾಳೆ, ವಾಂತಿಭೇದಿ ಎಂದಷ್ಟೇ ಹೇಳಿ ಎದ್ದು ಹೋಗಿದ್ದೇನೆ. ಇನ್ನು ಎದ್ದು ಹೋಗುವ ಶಕ್ತಿಯೂ ನನಗಿಲ್ಲ. ಇಷ್ಟನ್ನೂ ಬರೆದ ಈ ಹಾಳೆಗಳನ್ನು ಅವಳ ಕೈಗೇ ಕೊಡುತ್ತೇನೆ.